ಅಕ್ಷರಗಳ ಬೇಟೆ

ಶಬ್ದಕೋಶವು ಮೊದಲನೆಯ ಅಕ್ಷರವನ್ನು ಬಲ್ಲವನಿಗೆ ಮಾತ್ರ ಬಾಗಿಲು ತೆರೆಯುತ್ತದೆ. ಶಬ್ದದ ಹೊಟ್ಟೆಯೊಳಗೆ ಇಂತಿಂಥ ಅಕ್ಷರಗಳಿರಬೇಕೆಂದು ಕೇಳಿದರೆ ಅದು ಮೌನ ತಾಳುತ್ತದೆ. ಇಂಗ್ಲೀಷಿನ ಎ, ಇ, ಐ, ಓ, ಯು ಎಂಬ ಐದು ಸ್ವರಾಕ್ಷರಗಳೂ ಇರುವ, ಸಾಧ್ಯವಾದಷ್ಟು ಉದ್ದದ ಶಬ್ದವನ್ನು ಹುಡುಕಿರೆಂಬ ಒಗಟು ಮೇಲುನೋಟಕ್ಕೆ ಮಕ್ಕಳಾಟವೇ ಸರಿ. ಆದರೆ ಕೋಶದ ಹಾಳೆಗಳನ್ನು ತಿರುವುತ್ತ ಕುಳಿತವನಿಗೆ ದಣಿವೇ ಹೊರತು ಫಲವಿಲ್ಲ.

ಈ ಒಗಟನ್ನು ನಮ್ಮ ಮನೆಗೆ ತಂದವಳು ನನ್ನ ಮೊಮ್ಮಗಳು. ಕಿತ್ತೂರಿನ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಓದುತ್ತಿದ್ದಾಳೆ. ಬರುವ ವರುಷ ಅವಳನ್ನು ಧಾರವಾಡದ ಇಂಗ್ಲೀಷು ಮಾಧ್ಯಮದ ಶಾಲೆಗೆ ಸೇರಿಸಬೇಕೆಂದು ಅವಳ ತಂದೆಯ ಹಟ. ಆ ಮಾತು ಎದ್ದಂದಿನಿಂದ ಹುಡುಗಿಗೆ ಸರಿಯಾದ ನಿದ್ದೆಯಿಲ್ಲ. "ಅಜ್ಜಾ, ಉದ್ದನ್ನ ಶಬ್ದ ಕಂಡ್ರ ನನಗ ಎದಿ ಝಲ್ ಅಂತದ," ಎಂದಳು. ಅವಳ ಅಣ್ಣನು ಕೈಯೊಳಗಿನ ಮೊಬೈಲನ್ನು ಒತ್ತಿ ನಿಮಿಷಾರ್ಧದಲ್ಲಿ ದೊಡ್ಡದೊಂದು ಯಾದಿಯನ್ನೇ ಮುಂದೆ ಹಿಡಿದನು. ಯಾದಿಯನ್ನು ಕಂಡು ಅವಳಿಗೆ ಅಳುವೇ ಬಂದಿತು, ಏಕೆಂದರೆ ಅದರಲ್ಲಿ ಒಂದರ ಅರ್ಥವೂ ಆಕೆಗೆ ತಿಳಿಯದು.

ಸಂಸ್ಕೃತ ಕಲಿಸಿ ಮುದುಕನಾದ ನನಗೆ ತೋಚಿದ ಮಾರ್ಗ ಬೇರೆ. ಹಾರ ಎಂಬುದಕ್ಕೆ ಉಪಸರ್ಗಗಳನ್ನು ಹಚ್ಚಿ ಆಹಾರ, ವಿಹಾರ, ಸಂಹಾರ, ಪರಿಹಾರಗಳನ್ನು ಮಾಡಿಸುತ್ತ ನಾನು ಕಾಲ ಕಳೆದವನು. ಇಂಗ್ಲೀಷಿನ ಉದ್ದ ಶಬ್ದಗಳಾದರೂ ಆಕಾಶದಿಂದ ಉದುರಿದವುಗಳಲ್ಲ. ಅವು ಕೂಡ ಕಟ್ಟಿದ ಮನೆಗಳೇ. ಅವಳಿಗೆ ಗೊತ್ತಿದ್ದ ಕ್ವೆಶ್ಚನ್ ಎಂಬ ಶಬ್ದವನ್ನು ಬರೆಯಿಸಿದೆನು. ಎಂಟು ಅಕ್ಷರಗಳು, ಯು, ಇ, ಐ, ಓ ನಾಲ್ಕೂ ಇವೆ, ಎ ಒಂದು ಮಾತ್ರ ಕಡಿಮೆ. ಯೋಗ್ಯವೆಂಬ ಅರ್ಥದ ಏಬಲ್ ಪ್ರತ್ಯಯವನ್ನು ಹಚ್ಚಿದರೆ ಆ ಎ-ಕಾರವೂ ಬಂದು ಶಬ್ದವು 12 ಅಕ್ಷರದ್ದಾಯಿತು. ನಿಷೇಧಾರ್ಥದ ಅನ್ ಎಂಬುದನ್ನು ಮುಂದೆ ಇಟ್ಟರೆ 14. ಭಾವವಾಚಕದ ನೆಸ್ ಎಂಬುದನ್ನು ಬಾಲಕ್ಕೆ ಕಟ್ಟಿದರೆ 18! ಅನ್‌ಕ್ವೆಶ್ಚನೆಬಲ್‌ನೆಸ್, ಎಂದರೆ ಪ್ರಶ್ನಿಸಲಾಗದಿರುವಿಕೆ. ಕನ್ನಡದಲ್ಲಿಯೂ ಪ್ರಶ್ನೆ, ಪ್ರಶ್ನಿಸು, ಪ್ರಶ್ನಿಸಲಾಗದ ಎಂದು ಹೀಗೆಯೇ ಬೆಳೆಯಿತಲ್ಲವೆ ಎಂದು ಕೇಳಿದಾಗ ಅವಳು ನಕ್ಕಳು. ಈಗ ಉದ್ದ ಶಬ್ದ ಎದುರಾದರೆ ಮೊದಲು ಪೆನ್ಸಿಲಿನಿಂದ ಅದರ ಕೀಲುಗಳಲ್ಲಿ ಗೆರೆ ಎಳೆಯುತ್ತಾಳೆ. ಧಾರವಾಡದ ಮಾತು ಇನ್ನೂ ನಿಶ್ಚಯವಾಗಿಲ್ಲ. ಶಬ್ದವನ್ನು ಬಿಡಿಸದೆ, ಅಕ್ಷರಗಳನ್ನು ಒಂದೊಂದಾಗಿ ಕಂಠಪಾಠ ಮಾಡಿಸುವ ಪದ್ಧತಿಯು ನನಗೆ ಎಂದೂ ಸೇರಿದ್ದಲ್ಲ.

ಹುಡುಕುತ್ತ ಹೋದರೆ ಕೆಲವು ವಿಚಿತ್ರಗಳು ಸಿಕ್ಕುತ್ತವೆ. ಅನ್‌ಕಾಪಿರೈಟೆಬಲ್ ಎಂಬ ಶಬ್ದದಲ್ಲಿ 15 ಅಕ್ಷರಗಳು. ಐದು ಸ್ವರಗಳೂ ಇದ್ದು, ಯಾವ ಅಕ್ಷರವೂ ಎರಡು ಸಲ ಬಂದಿಲ್ಲ. ಫಸೀಶಿಯಸ್ ಎಂಬ ಶಬ್ದದಲ್ಲಿ ಐದು ಸ್ವರಗಳು ಕ್ರಮವಾಗಿಯೇ ನಿಂತಿವೆ. ನಮ್ಮ ಭರತಖಂಡಕ್ಕೆ ಸಲ್ಲುವ ಸಬ್‌ಕಾಂಟಿನೆಂಟಲ್ ಎಂಬುದರಲ್ಲಿ ಅವೇ ಐದು ಹಿಂದುಮುಂದಾಗಿ ಬಂದಿವೆ.

ಆದರೆ ಉದ್ದದ ಪಂದ್ಯವನ್ನು ಸಂಸ್ಕೃತದೊಡನೆ ಹೂಡಬಾರದು. 16ನೆಯ ಶತಮಾನದಲ್ಲಿ ವಿಜಯನಗರದ ಕವಯಿತ್ರಿ ತಿರುಮಲಾಂಬೆಯು ಅಚ್ಯುತರಾಯನ ವಿವಾಹವನ್ನು ವರ್ಣಿಸಿ ವರದಾಂಬಿಕಾಪರಿಣಯ ಚಂಪುವನ್ನು ರಚಿಸಿದಳು. ಅದರಲ್ಲಿಯ ಒಂದು ಸಮಾಸಪದವು ಗಿನ್ನೆಸ್ ದಾಖಲೆಗಳ ಪುಸ್ತಕವನ್ನು ಸೇರಿತು. ನಾಗರೀಲಿಪಿಯಲ್ಲಿ ಅದಕ್ಕೆ 195 ಅಕ್ಷರಗಳು. ರೋಮನ್ ಲಿಪಿಗೆ ಇಳಿಸಿದರೆ 428! ಪದವು ಅದೇ, ಎಣಿಕೆ ಮಾತ್ರ ಬೇರೆ. ನಮ್ಮ ಅಕ್ಷರವೆಂದರೆ ಸ್ವರವ್ಯಂಜನಗಳ ಕೂಡುಕುಟುಂಬ. ಇಂಗ್ಲೀಷಿನ ಅಕ್ಷರಗಳು ಬೇರೆಬೇರೆ ಒಲೆ ಹೂಡಿದ ಅಣ್ಣತಮ್ಮಂದಿರು. ಆದುದರಿಂದ ಅವರ ಆಟವನ್ನು ಇದ್ದಂತೆಯೇ ಕನ್ನಡಕ್ಕೆ ತರಲಾಗದು.

ಸಮಾಸವನ್ನು ಬೇಕಾದಷ್ಟು ಉದ್ದ ಎಳೆಯಬಹುದಾದ ನಾಡಿನಲ್ಲಿ ಉದ್ದಕ್ಕೇನು ಬೆಲೆ? ಅದಕ್ಕೆಂದೇ ನಮ್ಮ ಪೂರ್ವಿಕರು ಅಕ್ಷರಗಳನ್ನು ಕೂಡಿಸುವ ಬದಲು ಕಳೆಯುವ ಆಟ ಹೂಡಿದರು. ಭಾರವಿಯು ಕಿರಾತಾರ್ಜುನೀಯದ 15ನೆಯ ಸರ್ಗದಲ್ಲಿ ನ-ಕಾರವೊಂದನ್ನೇ ನಂಬಿ ಇಡೀ ಶ್ಲೋಕವನ್ನು ಹೆಣೆದನು. (ಕೊನೆಗೆ ಉಳಿದ ತ್ ಒಂದನ್ನು ಪಂಡಿತರು ಲೆಕ್ಕಕ್ಕೆ ಹಿಡಿಯುವದಿಲ್ಲ, ದೊಡ್ಡವರ ಆಟದಲ್ಲಿ ಅಷ್ಟು ರಿಯಾಯಿತಿ ಇರಲಿ.) ದಂಡಿಯ ದಶಕುಮಾರಚರಿತದ ಏಳನೆಯ ಉಚ್ಛ್ವಾಸದಲ್ಲಿ ಮಂತ್ರಗುಪ್ತನು ತುಟಿಗೆ ಗಾಯವಾದುದರಿಂದ ತನ್ನ ಕಥೆಯನ್ನೆಲ್ಲ ಓಷ್ಠ್ಯಾಕ್ಷರಗಳಿಲ್ಲದೆ ಹೇಳುತ್ತಾನೆ. ಇದೇ ದಂಡಿಯ ಕಾವ್ಯಾದರ್ಶವನ್ನು ಬಹುಮಟ್ಟಿಗೆ ಅನುಸರಿಸಿದ ನಮ್ಮ ಕವಿರಾಜಮಾರ್ಗದ ಎರಡನೆಯ ಪರಿಚ್ಛೇದವು ಶಬ್ದಾಲಂಕಾರಗಳಿಗೇ ಮೀಸಲು. ಒಂಬತ್ತನೆಯ ಶತಮಾನದ ಆ ಗ್ರಂಥವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಒಕ್ಕುಂದವೂ ಒಂದು. ಅದು ಇಲ್ಲಿಯೇ ನಮ್ಮ ಬೈಲಹೊಂಗಲ ತಾಲೂಕಿನಲ್ಲಿದೆ.

ಈ ನಿರೋಷ್ಠ್ಯದ ಆಟಕ್ಕೆ ಕಾಗದ ಬೇಡ, ಮೊಬೈಲು ಬೇಡ. ಪ-ವರ್ಗ, ವ-ಕಾರ, ಉ, ಊ, ಒ, ಓ, ಔ ಇವುಗಳನ್ನು ಬಿಟ್ಟು ಮಾತಾಡಬೇಕು, ಇಷ್ಟೇ ನಿಯಮ. ಒಂದು ರಾತ್ರಿ ಊಟಕ್ಕೆ ಕುಳಿತಾಗ ಹೂಡಿದೆವು. ರೊಟ್ಟಿ ಒ-ಕಾರದಿಂದ ಹೋಯಿತು, ಪಲ್ಯೆ ಪ-ಕಾರದಿಂದ ಹೋಯಿತು, ಬೇಳೆ, ಮೊಸರು, ಉಪ್ಪು ಒಂದೂ ಉಳಿಯಲಿಲ್ಲ. ಉಳಿದದ್ದು ಅನ್ನ ಮತ್ತು ಚಟ್ನಿ. ನೀರು ಎನ್ನಲಾಗದೆ ಎಲ್ಲರೂ ಬಾಯಾರಿ ಕುಳಿತಾಗ ಮೊಮ್ಮಗಳಿಗೆ ಜಲ ಎಂಬ ಶಬ್ದ ಹೊಳೆಯಿತು. ಅವ್ವ, ಅಪ್ಪ ಇಬ್ಬರೂ ಹೊರಗುಳಿದರು. ಅಜ್ಜ, ಆಯಿ, ಅಣ್ಣ ಗೆದ್ದರು. "ಅಜ್ಜಾ, ಇನ್ನಷ್ಟ ಅನ್ನ ನೀಡಲ್ಯಾ?" ಎಂದು ತುಟಿ ತುಟಿಗೆ ತಾಗದಂತೆ ಕೇಳಿ ಅವಳು ನನ್ನ ತಾಟಿಗೆ ಎರಡು ಸಲ ಬಡಿಸಿದಳು.

ಮರುದಿನ ಸುತ್ತಲಿನ ಊರುಗಳ ಹೆಸರುಗಳನ್ನು ಬರೆದುಕೊಂಡು ಬಂದಳು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ಸೋತವು, ಒಕ್ಕುಂದವೂ ಉಳಿಯಲಿಲ್ಲ, ಧಾರವಾಡವು ವ-ಕಾರದಲ್ಲಿ ಸಿಕ್ಕಿಬಿದ್ದಿತು. ಗೆದ್ದವು ನೇಸರಗಿ ಮತ್ತು ಯರಗಟ್ಟಿ.