ನಿದ್ದೆಯ ಕಾವಲು

ಮನೆಯಲ್ಲಿ ಶಸ್ತ್ರಚಿಕಿತ್ಸೆಯ ಪ್ರಸ್ತಾಪ ಬಂದಾಗ ಎಲ್ಲರೂ ವಿಚಾರಿಸುವುದು ಶಸ್ತ್ರವೈದ್ಯರ ಹೆಸರನ್ನು. ನಿದ್ದೆ ಬರಿಸುವವರ ಹೆಸರನ್ನು ಕೇಳುವವರು ವಿರಳ. 1846ರಲ್ಲಿ ಬೋಸ್ಟನ್ ನಗರದಲ್ಲಿ ಮಾರ್ಟನ್ ಎಂಬವನು ಈಥರಿನ ಗುಣವನ್ನು ಲೋಕಕ್ಕೆ ತೋರಿಸಿಕೊಟ್ಟ ಮೇಲೆ ನೋವಿಲ್ಲದ ಶಸ್ತ್ರಕ್ರಿಯೆಯು ಮನುಷ್ಯನಿಗೆ ದೊರೆಯಿತು. ಆದರೆ ನಿದ್ದೆ ಬರಿಸುವುದಕ್ಕಿಂತಲೂ ಕ್ಷೇಮವಾಗಿ ಎಬ್ಬಿಸುವುದೇ ದೊಡ್ಡ ವಿದ್ಯೆ. ಮೂತ್ರಪಿಂಡಗಳು ಸೊರಗಿದವರಿಗೆ ಅರ್ಬುದರೋಗವೂ, ಎಂದರೆ ಕ್ಯಾನ್ಸರೂ, ಬಂದೊದಗಿದಾಗ ಈ ಮಾತಿನ ನಿಜವು ತಿಳಿಯುವುದು.

ಬೆಳ್ತಂಗಡಿಯ ಕಡೆಯ ವೃದ್ಧ ಅಡಕೆ ಕೃಷಿಕರೊಬ್ಬರನ್ನು ಭಾವಿಸಿಕೊಳ್ಳಬಹುದು. ಬಹುಕಾಲದ ಸಿಹಿಮೂತ್ರದಿಂದ ಮೂತ್ರಪಿಂಡಗಳು ಕೆಟ್ಟು, ವಾರಕ್ಕೆರಡು ಸಲ ಡಯಾಲಿಸಿಸ್ ನಡೆಯುತ್ತಿದೆ. ಈಗ ಕರುಳಿನಲ್ಲಿ ಗಡ್ಡೆ. ಬಂಟವಾಳದ ಮಾರ್ಗವಾಗಿ ಅವರನ್ನು ಮಂಗಳೂರಿನ ಆಸ್ಪತ್ರೆಗೆ ಕರೆತಂದಿರುವರು.

ಬೇಸಗೆಯಲ್ಲಿ ನೀರು ಸಾಲದಿದ್ದರೆ ಅಡಕೆಮರ ಬಾಡುವುದು. ಮಳೆಗಾಲದಲ್ಲಿ ಬಸಿಗಾಲುವೆ ಮುಚ್ಚಿದರೆ ಬೇರು ಕೊಳೆಯುವುದು. ಅವರ ದೇಹದ ಬಸಿಗಾಲುವೆಯೇ ಮುಚ್ಚಿದೆ. ಶಸ್ತ್ರಕ್ರಿಯೆಯ ಹೊತ್ತಿನಲ್ಲಿ ರಕ್ತನಾಳಕ್ಕೆ ದ್ರವ ಹೆಚ್ಚಾದರೆ ಅದು ಶ್ವಾಸಕೋಶದಲ್ಲಿ ನಿಲ್ಲುವುದು. ಕಡಮೆಯಾದರೆ ರಕ್ತದೊತ್ತಡವಿಳಿದು ಅಳಿದುಳಿದ ಮೂತ್ರವೂ ನಿಲ್ಲುವುದು. ಆದುದರಿಂದ ಅರಿವಳಿಕೆಯ ವೈದ್ಯರು ದ್ರವವನ್ನು ಅಳೆದು ಕೊಡುತ್ತ, ಸರಾಸರಿ ಒತ್ತಡವು 65 ಮಿಲಿಮೀಟರಿಗಿಂತ ಕೆಳಗಿಳಿಯದಂತೆ ಕಾಯುವರು.

ಔಷಧಗಳ ವಿಷಯವೂ ಹಾಗೆಯೇ. ಮಾರ್ಫಿನಿನಿಂದ ಮೈಯೊಳಗೆ ಹುಟ್ಟುವ ಪದಾರ್ಥವು ಮೂತ್ರದ ಮೂಲಕವೇ ಹೊರಬೀಳತಕ್ಕದ್ದು. ದಾರಿಯಿಲ್ಲದಿದ್ದರೆ ಒಳಗುಳಿದು ಉಸಿರನ್ನು ಕುಗ್ಗಿಸುವುದು. ಸ್ನಾಯುಗಳನ್ನು ಸಡಿಲಿಸುವ ಅಟ್ರಾಕ್ಯೂರಿಯಮ್ಮಾದರೋ ಮೂತ್ರಪಿಂಡದ ಹಂಗಿಲ್ಲದೆ ರಕ್ತದಲ್ಲಿಯೇ ಒಡೆದುಹೋಗುವುದು. ಇಂತಹ ರೋಗಿಗೆ ಅದೇ ಮೇಲು. ಪೊಟ್ಯಾಸಿಯಂ ಏರಿದರೆ ಹೃದಯದ ಗತಿ ತಪ್ಪುವ ಭಯವಿರುವುದರಿಂದ, ಹಿಂದಿನ ದಿನ ಡಯಾಲಿಸಿಸ್ ನಡೆಸಿ ರಕ್ತವನ್ನು ಪರೀಕ್ಷಿಸುವುದು ವಾಡಿಕೆ. ಡಯಾಲಿಸಿಸಿಗಾಗಿ ನಾಳಗಳನ್ನು ಕೂಡಿಸಿದ ಕೈಗೆ ಸೂಜಿಯನ್ನಾಗಲಿ ಒತ್ತಡದ ಪಟ್ಟಿಯನ್ನಾಗಲಿ ತಾಗಿಸಗೊಡರು.

ಇಷ್ಟೆಲ್ಲ ವಿದ್ಯೆಗೂ ಮನೆಯವರು ಆಡುವ ಸತ್ಯವೇ ಆಧಾರ. ಹಿಂದಿನ ಸಂಜೆ ವೈದ್ಯರು ಹಾಸಿಗೆಯ ಬಳಿಗೆ ಬಂದು, "ಅಂಗಡಿಯಿಂದ ತಂದ ನೋವಿನ ಗುಳಿಗೆ ನುಂಗಿದ್ದುಂಟೇ?" ಎಂದು ಕೇಳುವರು. ಮೂಡಬಿದಿರೆಯಿಂದ ನೋಡಬಂದ ಅಳಿಯಂದಿರ ಎದುರು ವೃದ್ಧರು ಸಂಕೋಚದಿಂದ ಇಲ್ಲವೆನ್ನುವರು. ಅವರ ಪತ್ನಿಯು ಮಾತ್ರ ಮೆಲ್ಲನೆ, "ಉಂಟು ಡಾಕ್ಟರೇ, ಮೊಣಕಾಲು ನೋವಿಗೆ ದಿನಕ್ಕೆ ಎರಡು, ನಿನ್ನೆಯೂ ನುಂಗಿದ್ದಾರೆ" ಎನ್ನುವರು.

ಆ ಗುಳಿಗೆಯು ಮೂತ್ರಪಿಂಡವನ್ನು ಕೆಡಿಸುವುದಲ್ಲದೆ ರಕ್ತಸ್ರಾವವನ್ನೂ ಹೆಚ್ಚಿಸಬಲ್ಲುದು. ವೈದ್ಯರು ಅದನ್ನು ಬರೆದುಕೊಂಡು, ಮರುದಿನದ ಸಿದ್ಧತೆಯನ್ನು ಅದಕ್ಕೆ ತಕ್ಕಂತೆ ತಿದ್ದುವರು. ಮಲಗಿದವರಿಗಾಗಿ ವೈದ್ಯರು ಎಚ್ಚರವಾಗಿರುವರು. ಆ ಎಚ್ಚರಕ್ಕೆ ಬೇಕಾದ ಬೆಳಕು ಮನೆಯವರ ಮಾತಿನಲ್ಲಿರುವುದು. ರೋಗಿಯ ಮಾನ ಕಾಯುವೆವೆಂದು ಮುಚ್ಚಿಟ್ಟರೆ ಪ್ರಾಣಕ್ಕೇ ಮುಳುವಾದೀತು.