ಎಡಚವ್ವನ ಕುಡ್ಲು

ರಾಗಿ ತೆನೆ ಬಲಿತು ಕಂದು ತಿರುಗುವ ಹೊತ್ತಿಗೆ ನಮ್ಮೂರ ಕುಲುಮೆಯ ಮುಂದೆ ಕುಡುಗೋಲುಗಳ ರಾಶಿ ಬೀಳುತ್ತಿತ್ತು. ಯಾರೂ ಗುರುತು ಹಾಕಿ ಕೊಡುತ್ತಿರಲಿಲ್ಲ. ಹಿಡಿ ಸವೆದ ರೀತಿಯನ್ನು ನೋಡಿಯೇ ಯಾವುದು ಯಾರ ಮನೆಯದು ಎಂದು ಆಚಾರ್ರು ಹೇಳಿಬಿಡುತ್ತಿದ್ದರು. ಕಕ್ಕು ಹಾಕಿದ್ದಕ್ಕೆ ಕಾಸು ಕೇಳುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದಲ್ಲೇ ಅಳೆದು ಕೊಡುವ ಆಯದ ರಾಗಿಯೇ ವರ್ಷದ ಲೆಕ್ಕ.

ಕಕ್ಕು ಹಾಕುವುದೆಂದರೆ ಅಲಗಿಗೆ ಹಲ್ಲು ಕೊಡುವುದು. ತಿದಿ ಒತ್ತುವ ಕೆಲಸ ಹುಡುಗರಾದ ನಮ್ಮದು, ಆದ್ದರಿಂದ ಹತ್ತಿರದಿಂದ ನೋಡಿದ್ದೇನೆ. ಮೊಂಡಾದ ಅಲಗನ್ನು ಕೆಂಡದಲ್ಲಿ ಕಾಯಿಸಿ, ಅಡೆಗಲ್ಲಿನ ಮೇಲೆ ಬಡಿದು ತೆಳುವು ಮಾಡಿ, ಆರಿದ ಮೇಲೆ ಸಣ್ಣ ಉಳಿಯನ್ನು ಓರೆಯಾಗಿಟ್ಟು ಸಾಲಾಗಿ ಗೀರು ಕಡಿಯುತ್ತಿದ್ದರು. ಹಲ್ಲುಗಳು ಹಿಡಿಯ ಕಡೆಗೆ ವಾಲಿರಬೇಕು, ಎಳೆದಾಗ ಹುಲ್ಲನ್ನು ಕಚ್ಚಬೇಕು. ಆಮೇಲೆ ಮತ್ತೆ ಕಾಯಿಸಿ ನೀರಿಗೆ ಅದ್ದುವುದು. ಆ ಗಳಿಗೆಯಲ್ಲಿ ಯಾರೂ ಮಾತಾಡುವಂತಿಲ್ಲ. ಹದ ಮೀರಿದರೆ ಹಲ್ಲು ಮುರಿಯುತ್ತದೆ, ಹದ ಸಾಲದಿದ್ದರೆ ಮಡಚಿಕೊಳ್ಳುತ್ತದೆ. ಕಬ್ಬಿಣದ ಕೆಂಪು ಕಣ್ಣಿಗೆ ಸರಿಯಾಗಿ ಕಾಣಲೆಂದೇ ಕುಲುಮೆಯನ್ನು ಕತ್ತಲಾಗಿ ಇಟ್ಟಿರುತ್ತಿದ್ದರು.

ಹಲ್ಲು ಬೀಳುವುದು ಅಲಗಿನ ಒಂದೇ ಮಗ್ಗುಲಿಗೆ. ಬಲಗೈಯವರಿಗೆ ಮಾಡಿದ್ದು ಎಡಗೈಯವರಿಗೆ ಒಗ್ಗುವುದಿಲ್ಲ, ಜಾರುತ್ತದೆ. ನಮ್ಮ ದೊಡ್ಡಮ್ಮ ಎಡಚಿ. ಅವರ ಕುಡುಗೋಲು ರಾಶಿಯಲ್ಲಿ ಬೆರೆತರೆ ಆಚಾರ್ರು ಮಗನಿಗೆ ಗದರುತ್ತಿದ್ದರು: “ಅದು ಎಡಚವ್ವನ ಕುಡ್ಲು ಕಣ್ಲಾ, ಬ್ಯಾರೆ ಇಕ್ಕು.” ಊರಿನಲ್ಲಿ ಎಡಗೈಯವರು ಯಾರು ಯಾರು ಎಂಬುದು ಕುಲುಮೆಗೆ ಗೊತ್ತಿತ್ತು. ಇಂದು ಪೇಟೆಯ ಅಂಗಡಿಯಲ್ಲಿ ಪ್ಲಾಸ್ಟಿಕ್ ಹಿಡಿಯ ಕುಡುಗೋಲು ಕಟ್ಟುಗಟ್ಟಲೆ ನೇತಾಡುತ್ತಿರುತ್ತದೆ. ನಿಮ್ಮ ಕೈ ಯಾವುದೆಂದು ಯಾರೂ ಕೇಳುವುದಿಲ್ಲ. ಮೊಂಡಾದರೆ ಬಿಸಾಡಿ ಇನ್ನೊಂದು ತರುವುದೇ ರೂಢಿ.

ಹುಲ್ಲು ಕುಯ್ಯುವುದು ದೊಡ್ಡಮ್ಮನ ಸಂಜೆಯ ಕೆಲಸ. ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತರೆ, ಒಂದು ಕೈ ಹುಲ್ಲನ್ನು ಹಿಡಿಯಾಗಿ ಸೇರಿಸಿಕೊಳ್ಳುತ್ತದೆ, ಇನ್ನೊಂದು ಕೈ ಕುಡುಗೋಲನ್ನು ಬುಡಕ್ಕೆ ಹಾಕಿ ಸರಕ್ಕೆಂದು ಎಳೆಯುತ್ತದೆ. ನಡುವೆ ಅಣ್ಣೆಸೊಪ್ಪು ಸಿಕ್ಕರೆ ಕುಡುಗೋಲು ತಾನಾಗಿ ನಿಲ್ಲುತ್ತಿತ್ತು. ಅಣ್ಣೆ, ಹೊನಗೊನ್ನೆ, ಗಣಿಕೆ ಎಲ್ಲವೂ ಚಿವುಟಿಸಿಕೊಂಡು ಮಡಿಲಿಗೆ ಬೀಳುತ್ತಿದ್ದವು. ಹಸುವಿಗೆ ಹೊರೆ, ಮನೆಗೆ ಬೆರಕೆ ಸೊಪ್ಪಿನ ಬಸ್ಸಾರು, ಎರಡೂ ಒಂದೇ ಬದುವಿನಿಂದ. ಹೊರೆ ಹೊತ್ತು ಬರುವ ಹೆಜ್ಜೆ ಸದ್ದಿಗೇ ಕರು ಕೂಗಲು ಶುರು ಮಾಡುತ್ತಿತ್ತು. ಮರುದಿನದ ಕೆಲಸಕ್ಕೆಂದು ದೊಡ್ಡಮ್ಮ ರಾತ್ರಿಯೇ ಕಲಗಚ್ಚಿನ ಬಾನಿಯ ಪಕ್ಕದ ಚಪ್ಪಡಿಗೆ ನೀರು ಚಿಮುಕಿಸಿ, ಹಲ್ಲಿಲ್ಲದ ಮಗ್ಗುಲನ್ನು ಅದಕ್ಕೆ ಆನಿಸಿ ಮಸೆಯುತ್ತಿದ್ದರು. ತಲೆಮಾರುಗಳ ಮಸೆತಕ್ಕೆ ಆ ಚಪ್ಪಡಿಯ ನಡುವೆ ಬೊಗಸೆಯಂತೆ ತಗ್ಗು ಬಿದ್ದಿತ್ತು. ಮನೆ ಕೆಡವಿ ತಾರಸಿ ಕಟ್ಟಿಸುವಾಗ ಅದು ಪಾಯದಲ್ಲಿ ಸೇರಿಹೋಯಿತು.

ಈಗ ಬದುವಿಗೆ ಹೋದರೆ ಹೆಗಲಿಗೆ ಪಟ್ಟಿ ಹಾಕಿಕೊಂಡ ಹುಡುಗ ಪೆಟ್ರೋಲ್ ಮಿಷನ್ ಹಿಡಿದು ನಿಂತಿರುತ್ತಾನೆ. ಅರ್ಧ ದಿನದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಒಪ್ಪಿದೆ. ದೊಡ್ಡಮ್ಮನ ಬಾಗಿದ ಬೆನ್ನು ಮತ್ತೆ ನೆಟ್ಟಗಾಗಲೇ ಇಲ್ಲ. ಬಲಗೈಯ ಕಿರುಬೆರಳ ಮೇಲೆ ಗಾಯದ ಗೆರೆಗಳಿದ್ದವು. ಆ ನೋವನ್ನು ಮರೆತು ಹಳೆಯದನ್ನು ಹೊಗಳಿದರೆ ಅದು ಹುಲ್ಲು ಕುಯ್ಯದವರ ಮಾತಾಗುತ್ತದೆ. ಆದರೆ ಮಿಷನ್ ನಿಲ್ಲುವುದಿಲ್ಲ. ಗರಿಕೆಯನ್ನೂ ಅಣ್ಣೆಸೊಪ್ಪನ್ನೂ ಒಟ್ಟಿಗೆ ಕೊಚ್ಚಿ ಮಣ್ಣಿಗೆ ಎರಚುತ್ತದೆ. ಮಿಷನ್ ಹಿಡಿಯಲೂ ಸೋಮಾರಿಗಳಾದವರು ಕಳೆನಾಶಕ ಹೊಡೆಯುತ್ತಾರೆ. ಬದುವಿಗೆ ಬದುವೇ ಹಳದಿಯಾಗಿ ಒಣಗುತ್ತದೆ, ಹಸುವಿಗೂ ಇಲ್ಲ, ಸಾರಿಗೂ ಇಲ್ಲ. ಅಲ್ಲಿ ಮೊದಲು ತಲೆಯೆತ್ತುವುದು, 1950ರ ದಶಕದಲ್ಲಿ ಪುಣೆಯ ಕಡೆ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿದ ಕಾಂಗ್ರೆಸ್ ಗಿಡ. ಅದನ್ನು ಹಸು ಮೂಸುವುದಿಲ್ಲ, ಮುಟ್ಟಿದವರ ಕೈ ತುರಿಸುತ್ತದೆ. ಬದುವಿನ ಹುಲ್ಲಿನ ಬದಲು ಸೀಮೆಹಸುಗಳಿಗೆ ನೇಪಿಯರ್ ಹುಲ್ಲನ್ನು ನೀರು ಹಾಯಿಸಿ ಬೆಳೆಯುತ್ತೇವೆ. ಹಾಲು ಹೆಚ್ಚಾಗಿದೆ, ನಿಜ. ಸೊಪ್ಪನ್ನು ಮಾತ್ರ ಕಂತೆಗೆ ಇಷ್ಟು ಎಂದು ಕೊಟ್ಟು ಪೇಟೆಯಿಂದ ತರುತ್ತಿದ್ದೇವೆ, ರೈತರ ಮನೆಯಲ್ಲಿ!

ಕುಲುಮೆಯಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ಆಚಾರ್ರ ಮಗ ಬೆಂಗಳೂರಿನಲ್ಲಿ ಗೇಟು, ಗ್ರಿಲ್ಲು ವೆಲ್ಡಿಂಗ್ ಮಾಡುತ್ತಾನೆ. ಅವನನ್ನು ದೂರುವ ಬಾಯಿ ನಮಗಿಲ್ಲ. ಆಯದ ರಾಗಿ ಅಳೆಯುವುದನ್ನು ಮೊದಲು ನಿಲ್ಲಿಸಿದವರು ನಾವೇ.

ಕೆಲವು ಸಂತೆಗಳಲ್ಲಿ ಇನ್ನೂ ನೆಲದ ಮೇಲೆ ಪುಟ್ಟ ಕುಲುಮೆ ಹೂಡಿ ಕೂರುವವರಿದ್ದಾರೆ. ನಿಮ್ಮ ಅಟ್ಟದಲ್ಲಿ ತುಕ್ಕು ಹಿಡಿದ ಕುಡುಗೋಲಿದ್ದರೆ ಒಮ್ಮೆ ಒಯ್ದು ಕಕ್ಕು ಹಾಕಿಸಿ. ಎಡಗೈಯವರಾದರೆ ಮೊದಲೇ ಹೇಳಿ. ಕೇಳಿದಷ್ಟು ಕೊಡಿ, ಚೌಕಾಸಿ ಮಾಡಬೇಡಿ.