ಮರಳಿ ಬಂದ ಮಗಳು

ಕಾರ್ಡೈಟ್ ಕಾರ್ಖಾನೆಯ ನೌಕರಿಯನ್ನು ನಂಬಿ ಅರವಂಕಾಡಿಗೆ ಬಂದು ನೆಲೆಸಿದ ನಮ್ಮಂಥ ಕುಟುಂಬಗಳೂ, ಚಾಮರಾಜನಗರದ ಕಡೆಯಿಂದ ಚಹಾ ತೋಟದ ಕೂಲಿಗೆ ಬಂದವರೂ ಇಲ್ಲಿ ಕನ್ನಡದ ನೆಪದಿಂದ ಪರಸ್ಪರ ಪರಿಚಿತರು. ಅಂಥ ಒಬ್ಬ ತಾಯಿ ನಮ್ಮ ಮನೆಗಳಿಗೆ ಕೆಲಸಕ್ಕೆ ಬರುತ್ತಿದ್ದರು. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಅವರು, "ಮಗಳು ಬಂದವ್ಳೆ ಕಣಮ್ಮ, ಆದ್ರೆ ಮಾತೇ ಆಡಲ್ಲ" ಎಂದರು.

ಆ ಹುಡುಗಿ ಹದಿನಾರನೆಯ ವಯಸ್ಸಿನಲ್ಲಿ ಗುಡ್ಡದ ಕೆಳಗಿನ ನೂಲಿನ ಗಿರಣಿಯೊಂದಕ್ಕೆ ಹೋಗಿದ್ದಳು. ಕೊಯಮತ್ತೂರು, ತಿರುಪ್ಪೂರು, ಈರೋಡು, ದಿಂಡಿಗಲ್ ಸುತ್ತಲಿನ ಗಿರಣಿಗಳಲ್ಲಿ 'ಸುಮಂಗಲಿ' ಎಂಬ ಹೆಸರಿನ ಏರ್ಪಾಡೊಂದು ಬಹುಕಾಲ ನಡೆಯಿತು. ಮೂರು ವರ್ಷ ದುಡಿದರೆ ಕೊನೆಯಲ್ಲಿ ಮದುವೆಯ ಖರ್ಚಿಗೆಂದು ಇಡುಗಂಟು. ನಡುವೆ ಬಿಟ್ಟು ಬಂದರೆ ಅದೂ ಇಲ್ಲ. ಮುತ್ತೈದೆಯ ಹೆಸರನ್ನು ಇಂಥದಕ್ಕೆ ಇಟ್ಟವರ ಜಾಣತನಕ್ಕೆ ಏನೆನ್ನೋಣ! ಈ ಹುಡುಗಿ ಎರಡು ವರ್ಷ ಬೀಗ ಹಾಕಿದ ಹಾಸ್ಟೆಲಿನಲ್ಲಿದ್ದು, ರಾತ್ರಿ ಪಾಳಿ ದುಡಿದು, ಎದೆಯಲ್ಲಿ ಹತ್ತಿಯ ಧೂಳನ್ನೂ ಬಿಡದ ಕೆಮ್ಮನ್ನೂ ಹೊತ್ತು, ಬರಿಗೈಯಲ್ಲಿ ತಪ್ಪಿಸಿಕೊಂಡು ಬಂದಿದ್ದಳು.

ಮಾನವ ಸಾಗಣೆ ಎಂದರೆ ಕತ್ತಲೆಯ ಕೇರಿಗಳ ಸಂಗತಿ ಎಂದೇ ನಾವು ತಿಳಿದಿದ್ದೆವು. ಸಂವಿಧಾನದ 23ನೆಯ ವಿಧಿ ಮನುಷ್ಯರ ಮಾರಾಟವನ್ನೂ ಬಿಟ್ಟಿ ದುಡಿಮೆಯನ್ನೂ ಒಂದೇ ಉಸಿರಿನಲ್ಲಿ ನಿಷೇಧಿಸುತ್ತದೆ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸರ್ವೋಚ್ಚ ನ್ಯಾಯಾಲಯ 1982ರಲ್ಲಿಯೇ ಹೇಳಿದೆ. ಕೇಂದ್ರ ಯೋಜನೆಯಲ್ಲಿ ಜೀತವಿಮುಕ್ತ ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ ರೂಪಾಯಿ, ಸಾಗಣೆಯಂಥ ಘೋರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ನೆರವಿದೆ. ಆದರೆ ಅದಕ್ಕೆ ಅಧಿಕಾರಿಗಳು ನೀಡುವ ಬಿಡುಗಡೆ ಪತ್ರ ಬೇಕು. ದಾಳಿ ನಡೆಸಿ ಬಿಡಿಸಿದವರಿಗೆ ಪತ್ರ ಸಿಕ್ಕೀತು. ಗೋಡೆ ಹಾರಿ ತಾನಾಗಿಯೇ ಬಸ್ಸು ಹತ್ತಿದವಳಿಗೆ ಕೊಡುವವರಾರು? ನಾವು ನಾಲ್ಕೈದು ಬಾರಿ ಕಚೇರಿಗಳನ್ನು ಅಲೆದೆವು. ತಾಯಿಯೇ ಸಾಕು ಎಂದರು. ಅರ್ಜಿಯಲ್ಲಿ ಹೆಸರು ಬಂದರೆ ನೆಂಟಸ್ತಿಕೆ ಕೂಡಿಬರುವುದಿಲ್ಲವೆಂಬ ಭಯ. ನೆರೆಯವರು ಬಾಯಿಬಿಟ್ಟು ಕೇಳುತ್ತಿದ್ದುದು, "ಎಷ್ಟು ದುಡ್ಡು ತಂದಳು?" ಎಂದು. ಬಾಯಿಬಿಡದೆ ಕೇಳುತ್ತಿದ್ದ ಇನ್ನೊಂದು ಪ್ರಶ್ನೆ ಅವಳಿಗೆ ತಿಳಿಯುತ್ತಿತ್ತು.

ನಮ್ಮ ತಪ್ಪನ್ನೂ ಇಲ್ಲಿ ಹೇಳಲೇಬೇಕು. ಆ ವರ್ಷದ ರಾಜ್ಯೋತ್ಸವದಲ್ಲಿ ಅವಳನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಅವಳ ಧೈರ್ಯವನ್ನು ಕೊಂಡಾಡೋಣವೆಂದು ನಿಶ್ಚಯಿಸಿದೆವು. ಅವಳನ್ನು ಕೇಳಲೇ ಇಲ್ಲ. ಆಮಂತ್ರಣ ಪತ್ರಿಕೆಯಲ್ಲಿ ಹೆಸರನ್ನು ಕಂಡ ದಿನದಿಂದ ಅವಳು ನಮ್ಮ ಮನೆಗಳತ್ತ ಸುಳಿಯಲಿಲ್ಲ. ಮೂರು ತಿಂಗಳು ತಾಯಿಯೂ ಬರಲಿಲ್ಲ. ಉಳಿದಿದ್ದ ಪ್ರತಿಗಳನ್ನು ನಾವು ಒಲೆಗೆ ಹಾಕಿದೆವು. ಹಂಚಿಹೋಗಿದ್ದವನ್ನು ಹಿಂದಕ್ಕೆ ತರುವುದು ಹೇಗೆ?

ಇಂಥ ಹೆಣ್ಣುಮಕ್ಕಳಿಗಾಗಿ ಮೈಸೂರಿನಲ್ಲಿ ಇಬ್ಬರು ಪತ್ರಕರ್ತರು ಕಟ್ಟಿದ ಸಂಸ್ಥೆಯ ಹೆಸರು 'ಒಡನಾಡಿ'. ಆ ಪದ ಎಷ್ಟು ಸರಿಯಾದುದೆಂದು ನಮಗೆ ಹೊಳೆದದ್ದು ಆಮೇಲೆ. ನಾವು ಅವಳ ಎದುರಿಗೆ ನಿಂತು ನೋಡುತ್ತಿದ್ದೆವು. ಅವಳಿಗೆ ಬೇಕಾಗಿದ್ದುದು ಪಕ್ಕದಲ್ಲಿ ಕೂರುವವರು.

ಮತ್ತೆ ಅವಳನ್ನು ಕರೆದದ್ದು ಒಂದು ಹರಿದ ಪರದೆಯ ನೆಪದಿಂದ. ನಮ್ಮಲ್ಲೊಬ್ಬರ ಮನೆಯ ಹೊಲಿಗೆ ಯಂತ್ರದ ಮುಂದೆ ಕುಳಿತು ಅದನ್ನು ಹೊಲಿದುಕೊಟ್ಟಳು. ಕೂಲಿ ಕೊಟ್ಟೆವು; ಎಣಿಸಿ ತೆಗೆದುಕೊಂಡಳು. ಎಣಿಸಿದ್ದು ನಮಗೆ ಬಹಳ ಹಿಡಿಸಿತು. ಬಳಿಕ ಅವಳ ಹೆಸರಿನಲ್ಲಿ ಬ್ಯಾಂಕಿನ ಖಾತೆ, ಕೆಮ್ಮಿಗೆ ವೈದ್ಯರು, ಮುಕ್ತ ಶಾಲೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆ: ಒಂದೊಂದಕ್ಕೂ ತಿಂಗಳುಗಳು ಹಿಡಿದವು. ಗಣಿತದಲ್ಲಿ ಎರಡು ಬಾರಿ ನಪಾಸಾದಳು. ಗಿರಣಿಯ ಮಾತನ್ನು ನಾವು ಎತ್ತಲಿಲ್ಲ. ಒಂದು ಮಳೆಯ ಸಂಜೆ ತಾನಾಗಿಯೇ, "ಅಕ್ಕ, ಅಲ್ಲಿ ಕಿಟಕಿಗಳೇ ಇರಲಿಲ್ಲ" ಎಂದಳು. ಅಷ್ಟೇ. ನಾವು ಕಾಫಿ ಬೆರೆಸಿದೆವು.

ಊರು, ವಯಸ್ಸು, ಕಾಲಗಳನ್ನು ಗುರುತು ಸಿಗದಂತೆ ಬದಲಿಸಿ ಬರೆದ ಈ ಲೇಖನವನ್ನು ಅಚ್ಚಿಗೆ ಕೊಡುವ ಮೊದಲು ಅವಳಿಗೆ ಓದಿ ಹೇಳಿದೆವು. ಎರಡು ವಾಕ್ಯಗಳನ್ನು ತೆಗೆಯಿರಿ ಎಂದಳು. ತೆಗೆದೆವು. ಗಣಿತದಲ್ಲಿ ನಪಾಸಾದದ್ದು ಇರಲಿ ಎಂದಳು.